ಅಕ್ಕ ದಿನವೂ ಅದೇ ಕಥೆ ಹೇಳುತ್ತಾಳೆ, ನನಗೆ ಸಿಟ್ಟು ಬರುತ್ತದೆ

ಪ್ರಶ್ನೆ: ನನಗೆ 39 ವರ್ಷ. ಮಹಾಲಕ್ಷ್ಮಿ ಬಡಾವಣೆಯಲ್ಲಿ ಮನೆ, ಜಯನಗರದಲ್ಲಿ ಕೆಲಸ. ಹದಿನಾಲ್ಕು ತಿಂಗಳ ಹಿಂದೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಹೃದಯಾಘಾತದಿಂದ ತೀರಿಕೊಂಡರು. ಅಕ್ಕ ಪಕ್ಕದ ರಸ್ತೆಯಲ್ಲಿಯೇ ಇದ್ದಾಳೆ. ಸಂಜೆಯಾದರೆ ಬರುತ್ತಾಳೆ, ಅದೇ ಕಥೆ ಶುರುಮಾಡುತ್ತಾಳೆ. ಆ ದಿನ ಬೆಳಿಗ್ಗೆ ಏಳು ಗಂಟೆಗೆ ಎದೆ ಹಿಡಿದುಕೊಂಡ ಹಾಗಿದೆ ಎಂದರು, ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಮಾಡಿಕೊಟ್ಟೆ, ಅರ್ಧ ಕುಡಿದು ಲೋಟವನ್ನು ಕಿಟಕಿಯ ಮೇಲಿಟ್ಟರು, ಹನ್ನೊಂದು ಗಂಟೆಗೆ ಕುಸಿದರು, ಆಟೊ ಸಿಗಲಿಲ್ಲ. ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ಮೊದಮೊದಲು ಜೊತೆಯಲ್ಲಿ ಅಳುತ್ತಿದ್ದೆ. ಈಗ ಅವಳು ಬಾಯಿ ತೆರೆದರೆ ಸಿಟ್ಟು ಬರುತ್ತದೆ. ಒಲೆಯ ಮೇಲೆ ಏನೋ ಇದೆ ಎಂದು ನೆಪ ಹೇಳಿ ಎದ್ದು ಹೋಗುತ್ತೇನೆ. ಅದೇ ದಿನ ಬೆಳಿಗ್ಗೆ ಮೆಟ್ರೊದಲ್ಲಿ, ಮಕ್ಕಳು ಬೀದಿಗೆ ಬಿಟ್ಟ ಯಾರೋ ಮುದುಕರ ವಿಡಿಯೊ ನೋಡಿ ಕಣ್ಣು ಒರೆಸಿಕೊಂಡಿರುತ್ತೇನೆ. ಮೊನ್ನೆ ಕಾಯಿಲೆಯ ಮಗುವೊಂದಕ್ಕೆ ಐನೂರು ರೂಪಾಯಿ ಕಳಿಸಿದೆ. ಗುರುತಿಲ್ಲದವರಿಗಾಗಿ ಅಳುವವಳು ಒಡಹುಟ್ಟಿದವಳ ವಿಷಯದಲ್ಲಿ ಕಲ್ಲಾಗಿದ್ದೇನೆ. ನನ್ನ ಅಳು ಬರೀ ನಾಟಕವೇ? ನನ್ನ ಗಂಡನಿಗೂ ಈಗ 48. ಅಕ್ಕ ಇದನ್ನು ಯಾವಾಗ ನಿಲ್ಲಿಸುತ್ತಾಳೆ?

ಉತ್ತರ: ನಾಟಕವಲ್ಲ. ಮೆಟ್ರೊದಲ್ಲಿ ಬಂದ ಕಣ್ಣೀರೂ ನಿಜ, ಸಂಜೆ ಬರುವ ಸಿಟ್ಟೂ ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನಿಮ್ಮನ್ನು ನೀವೇ ಹಳಿದುಕೊಳ್ಳುತ್ತಿದ್ದೀರಿ. ಅವೆರಡೂ ಬೇರೆ ಬೇರೆ ಸಂಗತಿಗಳು.

ವಿಡಿಯೊದ ಮುದುಕರು ನಿಮ್ಮಿಂದ ಏನನ್ನೂ ಬೇಡುವುದಿಲ್ಲ. ಎರಡು ನಿಮಿಷದಲ್ಲಿ ಅವರ ಕಥೆ ಮುಗಿಯುತ್ತದೆ, ನಿಮ್ಮ ನಿಲ್ದಾಣ ಬರುತ್ತದೆ, ಇಳಿದು ಹೋಗುತ್ತೀರಿ. ಅಕ್ಕನ ದುಃಖದಿಂದ ಇಳಿದು ಹೋಗಲು ನಿಲ್ದಾಣವಿಲ್ಲ. 1981ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಒಬ್ಬ ಹೆಣ್ಣುಮಗಳು ವಿದ್ಯುತ್ ಆಘಾತ ಅನುಭವಿಸುತ್ತಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿದರು (ಆಘಾತ ನಿಜವಾದದ್ದಲ್ಲ, ನೋಡುವವರಿಗೆ ಅದು ತಿಳಿದಿರಲಿಲ್ಲ). ಕೆಲವರಿಗೆ ಸ್ವಲ್ಪ ನೋಡಿ ಎದ್ದು ಹೋಗುವ ಅವಕಾಶವಿತ್ತು, ಇನ್ನು ಕೆಲವರು ಕೊನೆಯವರೆಗೂ ನೋಡಲೇಬೇಕಿತ್ತು. ಅವಳ ಜಾಗದಲ್ಲಿ ತಾವು ಕೂರುತ್ತೀರಾ ಎಂದು ಎಲ್ಲರನ್ನೂ ಕೇಳಿದರು. ಅವಳ ಮೇಲೆ ನಿಜವಾಗಿ ಮರುಕ ಹುಟ್ಟಿದವರು ಬಾಗಿಲು ತೆರೆದಿದ್ದರೂ ಸಹಾಯಕ್ಕೆ ನಿಂತರು. ನೋಡಲಾರದೆ ಒಳಗೊಳಗೇ ಚಡಪಡಿಸುತ್ತಿದ್ದವರಲ್ಲಿ ಹೆಚ್ಚಿನವರು ತೆರೆದ ಬಾಗಿಲಿನಿಂದ ಹೊರಟರು. ಇನ್ನೊಬ್ಬರ ನೋವನ್ನು ಕಂಡಾಗ ನಮ್ಮೊಳಗೆ ಎರಡು ಬಗೆಯ ಅಲೆ ಏಳುತ್ತದೆ: ಒಂದು ಅವರಿಗಾಗಿ, ಇನ್ನೊಂದು ನಮಗಾಗಿ. ಎರಡಕ್ಕೂ ನಾವು ಕರುಣೆ ಎಂದೇ ಹೆಸರಿಟ್ಟುಕೊಳ್ಳುತ್ತೇವೆ. ಒಲೆಯ ಮೇಲೆ ಏನೋ ಇದೆ ಎಂದು ನಿಮ್ಮನ್ನು ಎಬ್ಬಿಸುವುದು ಆ ಎರಡನೆಯದು.

ಗುರುತಿಲ್ಲದವರ ಕಥೆಗೆ ಮನಸ್ಸು ಕರಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಲ್ಲಿ ಒಂದು ಮುಖ, ಒಂದು ಸಂಕಟ, ಒಂದು ಪರಿಹಾರವಿರುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಫ್ರಿಕದ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕಥೆ ಓದಿದವರು ತಮ್ಮ ಕೈಯಲ್ಲಿದ್ದ 5 ಡಾಲರ್‌ನಲ್ಲಿ ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು ಕೊಟ್ಟದ್ದು 1.14 ಡಾಲರ್. ರೋಕಿಯಾಳ ಕಥೆಯ ಪಕ್ಕದಲ್ಲಿಯೇ ಅಂಕಿಅಂಶವನ್ನೂ ಇಟ್ಟಾಗ ಅವಳಿಗೆ ಸಿಕ್ಕಿದ್ದು 1.43 ಡಾಲರ್ ಮಾತ್ರ. ಕೊಟ್ಟರೂ ಮುಗಿಯದ ನೋವು ಎದುರಿಗಿದೆ ಎಂದು ತೋರಿದೊಡನೆ ಕೈ ಹಿಂದಕ್ಕೆ ಸರಿಯುತ್ತದೆ. ನಿಮ್ಮ ಅಕ್ಕನಿಗೆ ಎಷ್ಟು ಕೊಟ್ಟರೆ ಸಾಕು ಎಂಬ ಲೆಕ್ಕ ನಿಮಗೆ ಸಿಕ್ಕಿಲ್ಲ. ಐನೂರು ರೂಪಾಯಿಯಂಥ ಮುಗಿದುಹೋಗುವ ಕೆಲಸ ಅಲ್ಲಿಲ್ಲ.

ಹಾಗೆಂದು ಅಪರಿಚಿತರಿಗಾಗಿ ಅಳುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ ಹರೀಶ್ ಎಂಬ ಯುವಕ, ದೇಹ ತುಂಡಾಗಿದ್ದ ಸ್ಥಿತಿಯಲ್ಲಿಯೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ಇಡೀ ರಾಜ್ಯವನ್ನು ಅಲುಗಾಡಿಸಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಸರ್ಕಾರ ಅವನ ಹೆಸರನ್ನೇ ಇಟ್ಟಿತು. ಅಯ್ಯೋ ಎಂಬ ಉದ್ಗಾರದಿಂದ ಒಮ್ಮೊಮ್ಮೆ ಇಂಥದ್ದೂ ಹುಟ್ಟುತ್ತದೆ. ಆದ್ದರಿಂದ ವಿಡಿಯೊ ನೋಡಿ ಅಳಬೇಡಿ ಎಂದು ನಾನು ಹೇಳಲಾರೆ. ಹಣ ಕಳಿಸುವಾಗ ಮಾತ್ರ ಯಾರದೋ ವೈಯಕ್ತಿಕ ಖಾತೆಗೆ ಕಳಿಸದೆ, ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ ಆಸ್ಪತ್ರೆಯ ಖಾತೆಗೇ ಕಳಿಸಿ. ಕದ್ದ ಫೋಟೊ ಇಟ್ಟುಕೊಂಡು ದುಡ್ಡೆತ್ತುವವರು ಬೇಕಾದಷ್ಟಿದ್ದಾರೆ.

ಈಗ ನಿಮ್ಮ ಪತ್ರದ ಆ ಸಣ್ಣ ಸಾಲಿಗೆ ಬರುತ್ತೇನೆ: ‘ನನ್ನ ಗಂಡನಿಗೂ ಈಗ 48.’ ಅದನ್ನು ಬರೆದು ಏನೂ ವಿವರಿಸದೆ ಮುಂದಕ್ಕೆ ಹೋಗಿದ್ದೀರಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಈ ಊರು ಹೇಗಿತ್ತೆಂದು ನಿಮಗೆ ನೆನಪಿರಬೇಕು. ಕಂಠೀರವ ಕ್ರೀಡಾಂಗಣದ ಹೊರಗೆ ರಾತ್ರಿಯೆಲ್ಲ ನಿಂತು ಅತ್ತವರಿದ್ದರು. ಅದರ ಬೆನ್ನಿಗೇ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಎದೆ ಪರೀಕ್ಷೆ ಮಾಡಿಸಿಕೊಳ್ಳಲು ಜನ ಮುಗಿಬಿದ್ದರು. ಅವರಲ್ಲಿ ಅನೇಕರು ನಲವತ್ತರ ಆಸುಪಾಸಿನ, ಯಾವ ತೊಂದರೆಯೂ ಇಲ್ಲದವರು. ಅವರ ಅಳು ಸುಳ್ಳಾಗಿತ್ತೇ? ಖಂಡಿತ ಇಲ್ಲ. ಆದರೆ ಅವರು ಅತ್ತದ್ದರಲ್ಲಿ ಒಂದು ಪಾಲು ತಮ್ಮ ಎದೆಗಾಗಿಯೂ ಇತ್ತು. ಅಕ್ಕ ಜೀರಿಗೆ ಕಷಾಯದ ಮಾತೆತ್ತಿದಾಗಲೆಲ್ಲ ನಿಮ್ಮ ಮನೆಯಲ್ಲಿ ಅಂಥದೊಂದು ಬೆಳಿಗ್ಗೆ ನಿಮ್ಮ ಕಣ್ಣಿಗೆ ಕಟ್ಟುತ್ತದೆ. ಹೆದರಿಕೆ ಮನೆಯವರ ಮುಂದೆ ಸಿಟ್ಟಿನ ವೇಷದಲ್ಲಿ ಬರುವುದೇ ಹೆಚ್ಚು. ಒಂದು ಶನಿವಾರ ಗಂಡನ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಇ.ಸಿ.ಜಿ. ಮಾಡಿಸಿಕೊಂಡು ಬನ್ನಿ. ಅಕ್ಕನ ಜೊತೆ ನೆಮ್ಮದಿಯಿಂದ ಕೂರಬೇಕಾದರೆ ಮೊದಲು ಈ ಕೆಲಸ ಆಗಬೇಕು.

ಇದೇ ಹೆದರಿಕೆ ನಿಮ್ಮ ಬಂಧುಗಳಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿರುತ್ತದೆ. ಕಾರ್ಯದ ಮನೆಯಲ್ಲಿಯೇ ಯಾರಾದರೂ ಕೇಳಿರುತ್ತಾರೆ: ‘ಮೊದಲೇ ತೋರಿಸಬಾರದಿತ್ತೇ?’ ‘ಸಿಗರೇಟು ಸೇದುತ್ತಿದ್ದರಾ?’ ‘ವಾಕಿಂಗ್ ಹೋಗುತ್ತಿರಲಿಲ್ಲವೇ?’ ಕೇಳುವವರು ದುಷ್ಟರೇನಲ್ಲ. ಮೆಲ್ವಿನ್ ಲರ್ನರ್ ಎಂಬ ಮನೋವಿಜ್ಞಾನಿ 1966ರಲ್ಲಿ ಕ್ಯಾರೊಲಿನ್ ಸಿಮನ್ಸ್ ಅವರೊಂದಿಗೆ ನಡೆಸಿದ ಪ್ರಯೋಗದಲ್ಲಿ, ತಪ್ಪಿಲ್ಲದೆ ಹಿಂಸೆ ಅನುಭವಿಸುತ್ತಿರುವವಳನ್ನು ನೋಡುತ್ತ ಕೂತವರು, ಅವಳನ್ನು ಬಿಡಿಸುವ ದಾರಿ ಇಲ್ಲವೆಂದು ಗೊತ್ತಾದ ಮೇಲೆ ಅವಳನ್ನೇ ಕೀಳಾಗಿ ಕಾಣತೊಡಗಿದರು. ಬಿಡಿಸುವ ಅವಕಾಶ ಕೊಟ್ಟಾಗ ಹಾಗಾಗಲಿಲ್ಲ. ಲೋಕ ನ್ಯಾಯವಾಗಿಯೇ ನಡೆಯುತ್ತಿದೆ ಎಂದು ನಂಬಿದರೆ ರಾತ್ರಿ ನಿದ್ದೆ ಬರುತ್ತದೆ. ನಂಬಿಕೆ ಉಳಿಯಬೇಕಾದರೆ ಸತ್ತವನು ಏನೋ ತಪ್ಪು ಮಾಡಿರಲೇಬೇಕು, ಇಲ್ಲವೇ ಅವನ ಹೆಂಡತಿ ಮಾಡಿರಬೇಕು. ‘ವಾಕಿಂಗ್ ಹೋಗುತ್ತಿರಲಿಲ್ಲವೇ’ ಎಂದು ಕೇಳಿದವರು ನಾಳೆಯಿಂದ ತಾವು ಹೋದರೆ ಸಾಕು ಎಂಬ ಸಮಾಧಾನವನ್ನು ನಿಮ್ಮ ಅಕ್ಕನಿಂದ ವಸೂಲು ಮಾಡಿಕೊಂಡು ಮನೆಗೆ ಹೋಗಿದ್ದಾರೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ನನ್ನ ವೃತ್ತಿಯವರಲ್ಲಿ ಕೆಲವರಿಗೆ ಹಿಡಿಸುವುದಿಲ್ಲ. ‘ಎಲ್ಲಾ ಹಣೆಬರಹ’ ಎನ್ನುವ ಅಜ್ಜಿಯರನ್ನು ನಾವು ಓದಿದವರು ಮೂಢರೆಂದು ತಳ್ಳಿಹಾಕುತ್ತೇವೆ. ಆದರೆ ಸಾವಿನ ಮನೆಯಲ್ಲಿ ಆ ಮಾತು ಮಾಡುವ ಕೆಲಸವನ್ನು ಗಮನಿಸಿ. ತಪ್ಪಿನ ಭಾರವನ್ನು ಅದು ಹೆಂಡತಿಯ ತಲೆಯಿಂದ ಇಳಿಸಿ ಯಾರ ಕೈಗೂ ಎಟುಕದ ಕಡೆ ಇಡುತ್ತದೆ. ‘ಮೊದಲೇ ತೋರಿಸಬಾರದಿತ್ತೇ’ ಎನ್ನುವ ವಿದ್ಯಾವಂತ ಸೋದರಮಾವನಿಗಿಂತ ಆ ಅಜ್ಜಿ ಎಷ್ಟೋ ಮೇಲು. ಹಾಗೆಂದು ಅದನ್ನೇ ಔಷಧಿಯೆಂದು ಕೊಡಬೇಡಿ. ನಂಬದವರ ಬಾಯಲ್ಲಿ ಅದು ‘ಸಾಕು, ಸುಮ್ಮನಿರು’ ಎಂದೇ ಕೇಳಿಸುತ್ತದೆ.

ಇನ್ನು ಅಕ್ಕನ ಕಥೆ. ಅದೇ ಕಥೆ ಎಂದು ಬರೆದಿದ್ದೀರಿ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ. ಮದುವೆಯಿಂದ ಶುರುವಾಗುವುದಿಲ್ಲ, ಭಾವ ಎಂಥವರಾಗಿದ್ದರು ಎಂಬುದರಿಂದಲೂ ಇಲ್ಲ. ಎದೆ ಹಿಡಿದುಕೊಂಡಿದೆ ಎಂಬ ಮಾತಿನಿಂದ ಹೊರಟು, ತಾನು ಮಾಡಿಕೊಟ್ಟ ಕಷಾಯವನ್ನು ದಾಟಿ, ಸಿಗದ ಆಟೊದಲ್ಲಿ ನಿಲ್ಲುತ್ತದೆ. ನಡುವೆ ಅರ್ಧ ಖಾಲಿಯಾದ ಲೋಟವೊಂದು ಕಿಟಕಿಯ ಮೇಲಿದೆ. ಆಮೇಲೆ ಅವಳು ನಿಮ್ಮ ಮುಖ ನೋಡುತ್ತಾಳೆ. ಇದು ಕಟಕಟೆಯಲ್ಲಿ ನಿಂತವಳ ಹೇಳಿಕೆ. ತನ್ನ ಮೇಲಿನ ಆರೋಪವನ್ನು ತಾನೇ ಓದಿ ತೀರ್ಪಿಗೆ ಕಾಯುತ್ತಿದ್ದಾಳೆ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು, ಧೈರ್ಯ ತಂದುಕೋ ಎಂದರು, ಮಕ್ಕಳ ಮುಖ ನೋಡಿ ಬದುಕು ಎಂದರು. ನಾನು ಅವರನ್ನು ಕೊಂದೆನೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಉತ್ತರ ಸಿಗದ್ದರಿಂದ ಮರುದಿನ ಸಂಜೆ ಮತ್ತೆ ಬರುತ್ತಾಳೆ.

ಹೇಳಿಕೊಂಡರೆ ದುಃಖ ಹಗುರವಾಗುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ಮಾತು. ಬೆಲ್ಜಿಯಂನ ಮನೋವಿಜ್ಞಾನಿ ಬರ್ನಾರ್ಡ್ ರಿಮೆ ಇದನ್ನೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಹೇಳಿಕೊಂಡವರಿಗೆ ಕೇಳಿದವರ ಮೇಲೆ ಆಪ್ತತೆ ಹೆಚ್ಚುತ್ತದೆ, ಹೇಳಿದ್ದು ಒಳ್ಳೆಯದಾಯಿತು ಎನಿಸುತ್ತದೆ. ಆದರೆ ಆ ನೆನಪಿನ ಉರಿ ಬರೀ ಹೇಳಿದ್ದರಿಂದ ಇಳಿಯುವುದಿಲ್ಲ. ನಡೆದದ್ದನ್ನು ಬೇರೆ ಬೆಳಕಿನಲ್ಲಿ ನೋಡುವುದಕ್ಕೆ ಕೇಳುವವರು ನೆರವಾದರೆ ಇಳಿಯುತ್ತದೆ. ನೀವು ಅಕ್ಕನಿಗೆ ಆಪ್ತತೆಯನ್ನು ತಿಂಗಳುಗಟ್ಟಲೆ ಕೊಟ್ಟಿದ್ದೀರಿ, ಅದು ಕಡಿಮೆಯೇನಲ್ಲ. ಈಗ ಆ ಬೆಳಿಗ್ಗೆಯನ್ನು ಅವಳ ಜೊತೆ ಕೂತು ಬಿಡಿಸಿ ನೋಡುವ ಹೊತ್ತು ಬಂದಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತೇವೆ. ಆಮೇಲೆ ಬಂದ ಬುದ್ಧಿ ಮೊದಲೇ ಇತ್ತೆಂದು ನಮಗೆ ನಾವೇ ಮೋಸಹೋಗುತ್ತೇವೆ ಎಂಬುದನ್ನು ಆ ಗಾದೆ ಹೇಳುವುದಿಲ್ಲ. 1975ರಲ್ಲಿ ಬರೂಕ್ ಫಿಶಾಫ್ ಎಂಬ ಸಂಶೋಧಕ, 1814ರಲ್ಲಿ ನೇಪಾಳದ ಗೂರ್ಖರಿಗೂ ಬ್ರಿಟಿಷರಿಗೂ ನಡೆದ ಕಾಳಗದ ವಿವರವನ್ನು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಬ್ರಿಟಿಷರು ಗೆದ್ದರೆಂದೂ ಕೆಲವರಿಗೆ ಗೂರ್ಖರು ಗೆದ್ದರೆಂದೂ ಹೇಳಿದರು. ಯಾವ ಫಲಿತಾಂಶವನ್ನು ಕೇಳಿದ್ದರೋ ಅದೇ ಆಗಲಿಕ್ಕಿತ್ತು ಎಂದು ಆಯಾ ಗುಂಪಿನವರಿಗೆ ತೋರಿತು. ಭಾವನಿಗೆ ಏನಾಯಿತೆಂದು ತಿಳಿದ ಮೇಲೆ ನಿಮ್ಮ ಅಕ್ಕನಿಗೆ ಆ ಬೆಳಗಿನ ಎದೆನೋವು ಹೃದಯದ್ದೇ ಎಂದು ಸ್ಪಷ್ಟವಾಗಿ ಕಾಣುತ್ತಿದೆ. ಅಂದು ಏಳು ಗಂಟೆಗೆ ಅದು ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆ ಯಾರಿಗಾದರೂ ಬರುವ ಗ್ಯಾಸ್ಟ್ರಿಕ್ ಆಗಿತ್ತು. ಹೃದಯಾಘಾತದ ಆರಂಭವನ್ನು ಅಜೀರ್ಣವೆಂದು ತಿಳಿಯುವುದು ತೀರ ಸಾಮಾನ್ಯ. ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಪುನೀತ್ ಅವರ ಹೆಸರಿನಲ್ಲಿ ತಂದದ್ದಕ್ಕೂ ಇದೇ ಹಿನ್ನೆಲೆ: ನೋವನ್ನು ಗುರುತಿಸುವಲ್ಲಿ, ಸಾಗಿಸುವಲ್ಲಿ ಹೊತ್ತು ಕಳೆದುಹೋಗುತ್ತದೆ.

ಇದನ್ನು ನೀವು ಹೇಳಿದರೆ ಅಕ್ಕ ನಂಬುವುದಿಲ್ಲ. ತಂಗಿ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾಳೆ. ಭಾವನನ್ನು ಕೊನೆಯಲ್ಲಿ ನೋಡಿದ ವೈದ್ಯರ ಬಳಿಗೋ, ಅವರು ಸಿಗದಿದ್ದರೆ ನಿಮ್ಮ ಕುಟುಂಬದ ವೈದ್ಯರ ಬಳಿಗೋ ಅವಳನ್ನು ಕರೆದುಕೊಂಡು ಹೋಗಿ. ಕಾಗದಪತ್ರಗಳನ್ನು ತೆಗೆದುಕೊಂಡು ಹೋಗಿ, ಹದಿನೈದು ನಿಮಿಷ ಬೇಕೆಂದು ಮೊದಲೇ ಹೇಳಿಡಿ. ಪ್ರಶ್ನೆಯನ್ನು ಅಕ್ಕನೇ ಕೇಳಲಿ. ವೈದ್ಯರು ‘ಬೇಗ ಬಂದಿದ್ದರೆ ಉಳಿಯುವ ಸಾಧ್ಯತೆ ಇತ್ತು’ ಎಂದೇ ಹೇಳಬಹುದು, ಅದಕ್ಕೆ ಹೆದರಬೇಡಿ. ಆ ಉತ್ತರ ಅವಳಿಗೆ ಈಗಾಗಲೇ ಗೊತ್ತು. ಸಾಧ್ಯತೆ ಇತ್ತು ಎಂಬುದೂ ನಿನಗೆ ತಿಳಿದಿತ್ತು ಎಂಬುದೂ ಒಂದೇ ಅಲ್ಲ ಎಂದು ಬಿಳಿ ಕೋಟಿನವರೊಬ್ಬರು ಎದುರಿಗೆ ಕೂತು ಹೇಳಬೇಕು. ಅವಳಿಗೆ ಸಿಗಬೇಕಾದ ಉತ್ತರ ಅದು.

ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು. ಕಥೆ ಆಟೊದಲ್ಲಿ ನಿಂತಾಗ ನೀವು ಎದ್ದು ಹೋಗುತ್ತಿದ್ದೀರಲ್ಲ, ಆ ಹೊತ್ತಿಗೇ ಕೂತುಕೊಳ್ಳಿ. ‘ಕಷಾಯ ಕೊಟ್ಟದ್ದು ತಪ್ಪಾಯಿತು ಅನಿಸುತ್ತದಾ ಅಕ್ಕ?’ ಎಂದು ನೇರವಾಗಿ ಕೇಳಿ. ಅವಳು ಬಿಕ್ಕಿ ಅಳಬಹುದು, ಅದೂ ಕೆಟ್ಟದ್ದಲ್ಲ. ‘ಹಾಗೆಲ್ಲ ಯೋಚಿಸಬೇಡ’ ಎಂದು ತಕ್ಷಣ ಬಾಯಿ ಹಾಕಬೇಡಿ, ಯೋಚಿಸುತ್ತಿರುವುದು ಹದಿನಾಲ್ಕು ತಿಂಗಳಿಂದ. ಅವಳ ಕಷ್ಟಕ್ಕಿಂತ ದೊಡ್ಡ ಕಷ್ಟದ ಕಥೆಗಳನ್ನು ತಂದು ಅಳೆಯಬೇಡಿ. ‘ಪುಣ್ಯವಂತರು, ನರಳದೆ ಹೋದರು’ ಎಂಬ ಮಾತನ್ನು ಅವಳೇ ಆಡಿದರೆ ಹೌದೆನ್ನಿ, ನೀವಾಗಿ ಆಡಬೇಡಿ.

ಇನ್ನೊಂದು ದಿನ ಬೇರೆ ಬಾಗಿಲು ತೆರೆಯಿರಿ. ಭಾವ ಮೊದಲ ಸಲ ನಿಮ್ಮ ಮನೆಗೆ ಬಂದದ್ದು, ಕ್ರಿಕೆಟ್ ನೋಡುವಾಗ ಟಿ.ವಿ.ಗೆ ಬೈಯುತ್ತಿದ್ದದ್ದು, ಮೆಂತ್ಯದ ದೋಸೆ ಸೇರದೆ ಇದ್ದದ್ದು, ನಿಮಗೆ ಗೊತ್ತಿರುವ ಯಾವುದಾದರೂ ಸರಿ. ಆ ಮನುಷ್ಯ ಹಲವು ವರ್ಷ ಬದುಕಿದ್ದರು. ಎಲ್ಲರ ಮಾತಿನಲ್ಲಿ ಈಗ ಅವರ ಕೊನೆಯ ನಾಲ್ಕು ಗಂಟೆ ಮಾತ್ರ ಉಳಿದಿದೆ. ಸತ್ತವರ ಹೆಸರೆತ್ತಿದರೆ ಅವಳಿಗೆ ನೆನಪಾಗುತ್ತದೆ ಎಂದು ಬಂಧುಗಳು ಬಾಯಿ ಕಟ್ಟಿಕೊಳ್ಳುತ್ತಾರೆ. ಅವಳು ಮರೆತಿದ್ದರಲ್ಲವೇ ನೆನಪಾಗುವುದು? ನೀವೂ ಅವರನ್ನು ಕಳೆದುಕೊಂಡಿದ್ದೀರಿ. ಈ ಮಾತುಗಳಲ್ಲಿ ನಿಮ್ಮ ಪಾಲಿನ ಅಳುವೂ ಹೊರಬರಲಿ.

ದಿನವೂ ಆಗುವುದಿಲ್ಲ ಎಂದು ಹೇಳುವುದರಲ್ಲಿ ಪಾಪವೇನಿಲ್ಲ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಹಳ್ಳಿಯ ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ಗುಣಗಾನ ಮಾಡಿ ಹೇಳಿಕೊಂಡು ಅಳುವುದಕ್ಕೆ ಜಾಗವಿತ್ತು, ಹೊತ್ತಿತ್ತು, ಜೊತೆಗೆ ದನಿಗೂಡಿಸುವವರಿದ್ದರು. ಒಲೆ ಹಚ್ಚದ ಮನೆಗೆ ನೆರೆಯವರು ಅನ್ನ ಸಾರು ತರುತ್ತಿದ್ದರು. ಹೊರಡುವಾಗ ಹೋಗಿ ಬರುತ್ತೇನೆ ಎನ್ನುವಂತಿರಲಿಲ್ಲ, ಆದ್ದರಿಂದ ಏನು ಹೇಳಬೇಕೆಂಬ ಪೇಚಾಟವೂ ಇರಲಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಅಳು ಪಕ್ಕದ ಮನೆಗೆ ಕೇಳಿಸಬಾರದು, ವಾಟ್ಸ್ಯಾಪ್ ಗುಂಪಿನಲ್ಲಿ ‘ಓಂ ಶಾಂತಿ’ಗಳ ಸಾಲು ಮುಗಿಯುತ್ತಿದ್ದಂತೆ ನೀರಿನ ಟ್ಯಾಂಕರಿನ ಚರ್ಚೆ ಶುರುವಾಗುತ್ತದೆ. ನನಗೆ ಕಾಣುವಂತೆ ನಮ್ಮ ಸಂಪ್ರದಾಯ ಮೊದಲ ಹದಿಮೂರು ದಿನಗಳನ್ನು ಅದ್ಭುತವಾಗಿ ನೋಡಿಕೊಂಡು, ಹದಿನಾಲ್ಕನೆಯ ದಿನ ಹೆಂಡತಿಯನ್ನು ಬರಿಗೈಯಲ್ಲಿ ಬಿಡುತ್ತದೆ. ವರ್ಷದ ತಿಥಿಯೂ ಮುಗಿದ ಮೇಲೆ ‘ಇನ್ನೂ ಅಳುತ್ತಿದ್ದಾಳಾ’ ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ನೀವೇ ಒಂದು ಕ್ರಮ ಮಾಡಿಕೊಳ್ಳಿ. ವಾರದಲ್ಲಿ ಎರಡು ಸಂಜೆ, ಮುಕ್ಕಾಲು ಗಂಟೆ, ಸಾಧ್ಯವಾದರೆ ಮನೆಯ ಹೊರಗೆ, ನಡೆಯುತ್ತ. ‘ಮಂಗಳವಾರ, ಶುಕ್ರವಾರ ನಾನು ಪೂರ್ತಿ ನಿನ್ನವಳು, ಉಳಿದ ದಿನ ಬಾ, ಊಟ ಮಾಡು, ಬೇರೆ ಮಾತಾಡೋಣ’ ಎಂದು ಪ್ರೀತಿಯಿಂದಲೇ ಹೇಳಿ. ಅರ್ಧ ಕಿವಿಯಿಂದ ಏಳು ದಿನ ಕೇಳಿಸಿಕೊಳ್ಳುವುದಕ್ಕಿಂತ ಇದು ಅವಳಿಗೂ ಒಳ್ಳೆಯದು.

ಯಾವಾಗ ನಿಲ್ಲಿಸುತ್ತಾಳೆ ಎಂದು ಕೇಳಿದ್ದೀರಿ. ದುಃಖಕ್ಕೆ ಐದು ಮೆಟ್ಟಿಲುಗಳಿವೆ, ಹತ್ತಿ ಇಳಿದರೆ ಮುಗಿಯಿತು ಎಂದು ಎಲ್ಲಿಯಾದರೂ ಓದಿದ್ದರೆ ಅದನ್ನು ಬದಿಗಿಡಿ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ ಆ ಐದು ಹಂತಗಳನ್ನು ಬರೆದದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ಬಗ್ಗೆ. ಉಳಿದವರ ಶೋಕ ಅಷ್ಟು ಅಚ್ಚುಕಟ್ಟಾಗಿ ಸಾಗುವುದಿಲ್ಲ. ಆದರೂ ವೈದ್ಯಶಾಸ್ತ್ರದಲ್ಲಿ ಒಂದು ಗಡಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಆರು ತಿಂಗಳನ್ನೂ ಅಮೆರಿಕದ ಮನೋವೈದ್ಯರ ಕೈಪಿಡಿ ಒಂದು ವರ್ಷವನ್ನೂ ದಾಟಿ, ದಿನದ ಬದುಕನ್ನೇ ಕೆಡಿಸುವಷ್ಟು ತೀವ್ರವಾಗಿ ಉಳಿದ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸುತ್ತವೆ. ಬರೀ ತಿಂಗಳು ಎಣಿಸಿ ತೀರ್ಮಾನಿಸುವುದಲ್ಲ. ಅಕ್ಕ ಅಡುಗೆ ಮಾಡಿಕೊಳ್ಳುತ್ತಾಳೆಯೇ, ನಿದ್ದೆ ಮಾಡುತ್ತಾಳೆಯೇ, ಬ್ಯಾಂಕು, ಪಿಂಚಣಿ, ಮಕ್ಕಳ ಶುಲ್ಕದ ಕೆಲಸಗಳಿಗೆ ಓಡಾಡುತ್ತಾಳೆಯೇ, ಒಮ್ಮೆಯಾದರೂ ನಗುತ್ತಾಳೆಯೇ ಎಂದು ನೋಡಿ. ಇವೆಲ್ಲ ನಿಂತಿದ್ದರೆ ತಡಮಾಡಬೇಡಿ. ‘ನಾನೂ ಅವರ ಜೊತೆಗೇ ಹೋಗಬೇಕಿತ್ತು’ ಎಂಬ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಬಿಡಿಸಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಅಂದು ಅವಳನ್ನು ಒಬ್ಬಳೇ ಬಿಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗೋಣ ಎಂದರೆ ‘ನನಗೇನು ಹುಚ್ಚೇ’ ಎಂಬ ಉತ್ತರ ಮೊದಲು ಬರುತ್ತದೆ, ವಾದಕ್ಕೆ ಇಳಿಯಬೇಡಿ. ನಿದ್ದೆ ಬರುತ್ತಿಲ್ಲ ಎಂದು ಅವಳೇ ಹೇಳುತ್ತಿದ್ದರೆ ನಿದ್ದೆಗೆ ತೋರಿಸೋಣ ಎನ್ನಿ, ಅದು ಸುಳ್ಳೂ ಅಲ್ಲ. ಬೆಳಿಗ್ಗೆ ಬೇಗ ಹೋಗಿ, ಮೊದಲ ದಿನ ಅರ್ಧ ದಿನವೇ ಹಿಡಿಯಬಹುದು, ಕಚೇರಿಗೆ ರಜೆ ಹಾಕಿ. ಈಗ ತೆಗೆದುಕೊಳ್ಳುತ್ತಿರುವ ಬಿ.ಪಿ., ಥೈರಾಯ್ಡ್ ಮಾತ್ರೆಗಳ ಚೀಟಿಗಳಿದ್ದರೆ ಜೊತೆಗಿರಲಿ. ಒಳಗೆ ಕರೆದಾಗ ಅವಳೊಬ್ಬಳೇ ಹೋಗಲಿ. ನೀವು ಹೊರಗಿನ ಬೆಂಚಿನಲ್ಲಿ ಕಾಯಿರಿ, ಕರೆದರೆ ಮಾತ್ರ ಒಳಗೆ ಹೋಗಿ.